ದೊಡ್ಡ ಟಗರಿಗೆ 4 ಎಂಎಲ್

ನಮ್ಮ ಶೆಡ್‌ನಲ್ಲಿ ಒಂದು ನಿಯಮ ಇತ್ತು. ಮಾರುವ ಮರಿಗೆ ಹೆಸರಿಡಬಾರದು. ನಿಯಮ ಮಾಡಿದವನು ನಾನೇ. ಹಸುವಿಗೆ ಹೆಸರಿರಲಿ, ನಾಯಿಗೆ ಇರಲಿ, ಮರಿ ಹಾಕುವ ಹೆಣ್ಣು ಕುರಿಗೂ ಬೇಕಿದ್ದರೆ ಇರಲಿ. ಯುಗಾದಿ ಮಾರನೇ ದಿನದ ಹೊಸತೊಡಕಿಗೋ ಬಕ್ರೀದಿಗೋ ಹೋಗುವ ಟಗರುಮರಿಗೆ ಮಾತ್ರ ಬೇಡ. ಮೊದಲ ಬ್ಯಾಚಿನಲ್ಲಿ ನನ್ನ ಮಗಳು ಒಂದು ಮರಿಗೆ ಹೆಸರಿಟ್ಟಿದ್ದಳು. ಅದು ಟೆಂಪೋ ಹತ್ತಿದ ದಿನ ಊಟ ಬಿಟ್ಟು ಮಲಗಿದಳು. ಈ ತಾಪತ್ರಯ ಯಾಕೆ ಅಂತ ಅವತ್ತೇ ಮನೆಯವರಿಗೆಲ್ಲ ಹೇಳಿಬಿಟ್ಟೆ. ಎಲ್ಲರೂ ಒಪ್ಪಿದರು. ಅವ್ವನೂ ತಲೆ ಆಡಿಸಿದಳು. ಅವ್ವ ತಲೆ ಆಡಿಸಿದ್ದಾಳೆ ಅಂದರೆ ಒಪ್ಪಿದ್ದಾಳೆ ಅಂತ ಅರ್ಥ ಅಲ್ಲ ಅನ್ನೋದು ಈ ವಯಸ್ಸಿಗೆ ನನಗೆ ಗೊತ್ತಿರಬೇಕಿತ್ತು.

ನಮ್ಮದು ಮಳವಳ್ಳಿ ತಾಲ್ಲೂಕು. ಬಂಡೂರು ಕುರಿಯ ಸೀಮೆ. ಬಂಡೂರು ಅನ್ನುವ ಹಳ್ಳಿ ಇರೋದೂ ನಮ್ಮ ತಾಲ್ಲೂಕಿನಲ್ಲೇ. ಹೊರಗಿನವರು ಬನ್ನೂರು ಕುರಿ ಅಂತಾರೆ, ಸರ್ಕಾರದ ಪಟ್ಟಿಯಲ್ಲಿ ಅದು ಮಂಡ್ಯ ತಳಿ. ಗಿಡ್ಡ ಕಾಲು, ಅಗಲ ಬೆನ್ನು, ಹಿಂದಿನಿಂದ ನೋಡಿದರೆ ಇಂಗ್ಲಿಷಿನ ಯು ಅಕ್ಷರವನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗೆ ಇರುತ್ತದೆ. ಗಂಡಿಗೂ ಕೊಂಬಿಲ್ಲ. ಮೈಯೆಲ್ಲ ಬಿಳಿ, ಕೆಲವಕ್ಕೆ ಮುಖದ ಮೇಲೆ ತಿಳಿ ಕಂದು. ಮಾಂಸ ಮೃದು ಅಂತ ಹೆಸರು, ಆ ಹೆಸರಿಗೇ ರೇಟು. ತೊಂದರೆ ಏನಂದರೆ, ಒಂದೇ ವಯಸ್ಸಿನ ನಲವತ್ತು ಮರಿ ಸಾಲಾಗಿ ನಿಂತರೆ ಯಾವುದು ಯಾವುದು ಅಂತ ಹೊಸಬರಿಗೆ ತಿಳಿಯೋದಿಲ್ಲ. ನನಗೆ ತಿಳಿಯುತ್ತದೆ ಅಂತ ನಾನು ನಂಬಿಕೊಂಡಿದ್ದೆ.

ಕೆಲಸ ಹಂಚಿಕೊಂಡಿರೋದು ಹೀಗೆ. ದುಡ್ಡು, ವ್ಯಾಪಾರ, ಟೆಂಪೋ, ವಾಟ್ಸ್ಆಪ್ ಅಣ್ಣನದು. ಮೇವು, ಮದ್ದು, ತೂಕ ನನ್ನದು. ಉಳಿದದ್ದು ಅವ್ವನದು. ಉಳಿದದ್ದು ಅಂದರೆ ಗುಡಿಸೋದು, ನೀರು ಇಡೋದು, ಸೊಪ್ಪು ಕಟ್ಟೋದು, ರಾತ್ರಿ ಕೆಮ್ಮು ಕೇಳಿಸಿದರೆ ಟಾರ್ಚ್ ಹಿಡಿದು ಹೋಗೋದು. ಅಣ್ಣ ಇದನ್ನೆಲ್ಲ ಕೆಲಸದ ಲೆಕ್ಕಕ್ಕೆ ಸೇರಿಸಿಲ್ಲ.

ಮರಿಗೆ ಗುರುತು ಹಾಕೋದು ಹೇಗೆ ಅನ್ನೋದು ನಮ್ಮಲ್ಲಿ ಹಳೇ ಜಗಳ. ಹಸುಗಳಿಗೆ 12 ಅಂಕಿಯ ಕಿವಿಯೋಲೆ ಇದೆ, ಸಲೀಸು. ಬಕ್ರೀದಿಗೆ ಬೆಳೆಸುವ ಟಗರಿಗೆ ಓಲೆ ಚುಚ್ಚೋಕೆ ಕೈ ಬರೋದಿಲ್ಲ. ಕುರ್ಬಾನಿಗೆ ಕೊಳ್ಳುವವರು ಮೊದಲು ನೋಡೋದೇ ಕಿವಿ, ಕಣ್ಣು, ಕಾಲು, ಹಲ್ಲು. ಕುಂಟು ಇರಬಾರದು, ಕುರುಡು ಇರಬಾರದು, ಕಾಯಿಲೆ ಕಾಣಬಾರದು, ಬಡಕಲಾಗಿರಬಾರದು. ಕಿವಿ ಹರಿದಿದ್ದರೆ ಅನೇಕರು ಮುಟ್ಟೋದೇ ಇಲ್ಲ. ಓಲೆಯ ತೂತು ದೋಷ ಅಲ್ಲ ಅಂತ ತಿಳಿದವರು ಹೇಳುತ್ತಾರೆ, ಸರಿ. ಆದರೆ ಮರಿಗಳು ತಂತಿಗೆ ಸಿಕ್ಕಿಸಿಕೊಂಡು ಓಲೆ ಎಳೆದುಕೊಂಡರೆ ಆಮೇಲೆ ಯಾರಿಗೆ ಹೇಳೋಣ? ಅದಕ್ಕೇ ನಾವು ಬಣ್ಣ ಹಾಕುತ್ತೇವೆ. ಗಾಯಕ್ಕೆ ಹೊಡೆಯುವ ನೀಲಿ ಸ್ಪ್ರೇ. ಮದ್ದು ಕೊಟ್ಟ ಮರಿಯ ಸೊಂಟದ ಮೇಲೆ ಒಂದು ಗೆರೆ. ನೋಟ್‌ಬುಕ್ಕಲ್ಲಿ ಒಂದು ಸಾಲು. ಇಷ್ಟು ಸಾಕು ಅಂದುಕೊಂಡಿದ್ದೆ.

ಇದು ನಡೆದದ್ದು 2024ರಲ್ಲಿ. ಅದಕ್ಕೆ ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರ ಅಂತ ಸರ್ಕಾರವೇ ಘೋಷಿಸಿತ್ತು. ರಾಗಿ ಹುಲ್ಲಿನ ರೇಟು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು. ನಮ್ಮನ್ನು ಉಳಿಸಿದ್ದು ಹಿಪ್ಪುನೇರಳೆ. ಪಕ್ಕದ ರೇಷ್ಮೆ ಮನೆಯವರು ಹುಳಕ್ಕೆ ಹಾಕಿ ಮಿಕ್ಕ ಕಡ್ಡಿ ಕೊಡುತ್ತಿದ್ದರು, ನಮ್ಮದೂ ಅರ್ಧ ಎಕರೆ ಇತ್ತು. ಮೇವು ಕಡಿಮೆ ಆದಾಗ ಎಲ್ಲರಿಗೂ ಒಂದೇ ಯೋಚನೆ, ಮುಸುಕಿನ ಜೋಳದ ನುಚ್ಚು ಜಾಸ್ತಿ ಸುರಿದು ತೂಕ ತರೋಣ ಅಂತ. ಅಣ್ಣನೂ ಅಂದ. ನಾನು ಬಿಡಲಿಲ್ಲ. ಒಂದೇ ಸಲ ನುಚ್ಚು ಏರಿಸಿದರೆ ಹೊಟ್ಟೆ ಹುಳಿಯಾಗಿ ಕುರಿ ಮಲಗುತ್ತದೆ. ಇಲ್ಲವೇ ಕರುಳು ಬೇನೆ ಬಂದು ರಾತ್ರಿ ಚೆನ್ನಾಗಿದ್ದ ಮರಿ ಬೆಳಗ್ಗೆ ಕಾಲು ಚಾಚಿರುತ್ತದೆ. ಅದೂ ಬಡಕಲು ಮರಿಗಲ್ಲ, ಚೆನ್ನಾಗಿ ತಿನ್ನುವ ಗಟ್ಟಿ ಮರಿಗೇ ಮೊದಲು. ಆ ಕರುಳು ಬೇನೆಗೆ ಇ.ಟಿ. ಲಸಿಕೆ ಹಾಕಿಸಿದ್ದರೂ ನನಗೆ ಧೈರ್ಯ ಇರಲಿಲ್ಲ. ವಾರಕ್ಕಿಷ್ಟು ಅಂತ ನಿಧಾನಕ್ಕೆ ಏರಿಸಿದೆ. ಈ ವಿಷಯದಲ್ಲಿ ನಾನು ಮಾಡಿದ್ದು ಸರಿ. ಇದನ್ನು ಇಲ್ಲಿ ಬರೆದುಬಿಡುತ್ತೇನೆ, ಮುಂದೆ ಹೊಗಳಿಕೊಳ್ಳೋಕೆ ಏನೂ ಸಿಗೋದಿಲ್ಲ.

ಮೇ ತಿಂಗಳಲ್ಲಿ ಮಳೆ ಬಂತು. ಬೇಸಿಗೆಯೆಲ್ಲ ಕಾದ ಶೀಟಿನ ಕೆಳಗೆ ಒಮ್ಮೆಗೇ ಥಂಡಿ. ಕೆಲವು ಮರಿ ಕೆಮ್ಮಿದವು, ಕಷಾಯಕ್ಕೆ ಸುಮ್ಮನಾದವು. ಒಂದು ಮಾತ್ರ ಸುಮ್ಮನಾಗಲಿಲ್ಲ. ಶೆಡ್ಡಿನ ಎರಡು ದೊಡ್ಡ ಟಗರುಗಳಲ್ಲಿ ಒಂದು. ಮೂಗಲ್ಲಿ ಸಿಂಬಳ, ಜ್ವರ, ಮೇವು ಬಿಟ್ಟು ನಿಂತಿತು. ಡಾಕ್ಟ್ರು ಬಂದು ನೋಡಿ ಆಕ್ಸಿ ಎಲ್.ಎ. ಅನ್ನುವ ಆಂಟಿಬಯೋಟಿಕ್ ಬರೆದರು. ಒಂದೇ ಸೂಜಿ, ಮೂರು ದಿನ ಕೆಲಸ ಮಾಡುತ್ತದೆ, ಪದೇ ಪದೇ ಚುಚ್ಚೋದು ಬೇಡ ಅಂದರು. ಹೊರಡುವಾಗ ಬೈಕಿನ ಮೇಲೆ ಕೂತು ಇನ್ನೊಂದು ಮಾತು ಹೇಳಿದರು, ‘ಇದನ್ನ ಈ ಹಬ್ಬಕ್ಕೆ ಕೊಡಬೇಡಿ, 28 ದಿನ ದಾಟಲಿ.’

ಸಂಜೆ ಅವ್ವ ಅದರ ತಲೆ ಹಿಡಿದುಕೊಂಡಳು, ನಾನು ಕತ್ತಿಗೆ ಚುಚ್ಚಿದೆ. ಅದು ಒದ್ದಾಡಿ ಅವ್ವನ ಕಾಲು ತುಳಿಯಿತು. ನೀಲಿ ಗೆರೆ ಎಳೆದೆ. ನೋಟ್‌ಬುಕ್ಕಲ್ಲಿ ಬರೆದೆ: ‘ದೊಡ್ಡ ಟಗರಿಗೆ ಆಕ್ಸಿ ಎಲ್.ಎ. 4 ಎಂಎಲ್.’ ತಾರೀಖು ಹಾಕಿದೆ, ಡಾಕ್ಟ್ರ ಚೀಟಿಯನ್ನು ಪಿನ್ ಮಾಡಿದೆ. ಬರೆಯುವಾಗ ಎಷ್ಟು ಅಚ್ಚುಕಟ್ಟು ಅನ್ನಿಸಿತ್ತು ಗೊತ್ತಾ.

ಈ 28 ದಿನದ ಲೆಕ್ಕ ನಮ್ಮ ಕಡೆ ಅನೇಕರಿಗೆ ಹೊಸ ಮಾತು. ಮದ್ದು ಪ್ರಾಣಿಯ ಮೈಯಿಂದ ಪೂರ್ತಿ ಇಳಿಯೋಕೆ ಕಾಲ ಬೇಕು. ಅಲ್ಲಿವರೆಗೆ ಹಾಲು, ಮೊಟ್ಟೆ, ಮಾಂಸ ಜನರ ಹೊಟ್ಟೆಗೆ ಹೋಗಬಾರದು. 2012ರಿಂದ ನಮ್ಮ ದೇಶದಲ್ಲಿ ಇದಕ್ಕೆ ನಿಯಮವೇ ಇದೆ. ಆಹಾರಕ್ಕೆ ಸಾಕುವ ಪ್ರಾಣಿಗಳ ಮದ್ದಿನ ಮೇಲೆ ಎಷ್ಟು ದಿನ ಕಾಯಬೇಕು ಅಂತ ಕಂಪನಿ ಅಚ್ಚು ಹಾಕಬೇಕು. ಆ ಮದ್ದಿಗೆ ಇಷ್ಟು ದಿನ ಅಂತ ಗೊತ್ತಾಗಿಲ್ಲದಿದ್ದರೆ ಹಾಲಿಗೆ, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ಮಾಂಸ ಅಂದರೆ ಕೊಬ್ಬು, ಲಿವರ್, ಕಿಡ್ನಿ ಎಲ್ಲ ಸೇರಿ. ಬೇಯಿಸಿದರೆ ಎಲ್ಲ ಸುಟ್ಟು ಹೋಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ, ಪೂರ್ತಿ ಹೋಗೋದಿಲ್ಲ. ನಿಯಮ ಇದೆ, ಆದರೆ ಬಾಟಲಿಯ ಮೇಲೆ ಆ ಸಾಲು ಇರುವ ಅಕ್ಷರ ಓದಬೇಕಾದರೆ ನನಗೆ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಬೇಕು. ಅದೂ ಇಂಗ್ಲಿಷಿನಲ್ಲಿ. ಮೆಡಿಕಲ್ ಸ್ಟೋರಿನವನು ಡಬ್ಬಿ ಎಸೆದು ಬಾಟಲಿ ಮಾತ್ರ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಾನೆ. ಡಾಕ್ಟ್ರು ಬಾಯಲ್ಲಿ ಹೇಳದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಟಗರು ಎರಡು ದಿನದಲ್ಲಿ ಮೇವು ಹಿಡಿಯಿತು. ವಾರದೊಳಗೆ ಮೊದಲಿನ ಹಾಗೆ ನುಗ್ಗಾಡತೊಡಗಿತು. ನಾನು ಅದನ್ನು ಮರೆತೆ.

ಆ ವರ್ಷ ಬಕ್ರೀದು ಜೂನ್ 17ಕ್ಕೆ. ಹಬ್ಬಕ್ಕೆ ವಾರ ಇದೆ ಅನ್ನುವಾಗ ಅಣ್ಣ ಒಂದು ಕೆಲಸ ಮಾಡಿದ. ನಾನು ಮೈಸೂರಿಗೆ ಹೋಗಿದ್ದೆ. ಇವನು ಮರಿಗಳನ್ನೆಲ್ಲ ಬೋರ್‌ವೆಲ್ ಪೈಪ್ ಹಿಡಿದು, ಶಾಂಪೂ ಹಾಕಿ ತೊಳೆದಿದ್ದಾನೆ. ಫೋಟೋ ತೆಗೆದು ವಾಟ್ಸ್ಆಪ್ ಸ್ಟೇಟಸ್ಸಿಗೆ ಹಾಕೋಕೆ. ‘ಪ್ಯೂರ್ ಬಂಡೂರು, ಸ್ಟಾಕ್ ಸೀಮಿತ’ ಅಂತ ಕೆಳಗೆ ಬರೆದಿದ್ದಾನೆ. ಫೋಟೋ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳಬಾರದು. ಮರಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ನಾನೂ ಆ ಫೋಟೋವನ್ನು ಮೆಚ್ಚಿ, ಮೂರು ಜನಕ್ಕೆ ಕಳಿಸಿದೆ. ಬಿಳಿ ಬೆನ್ನುಗಳ ಮೇಲೆ ಯಾವ ಗೆರೆಯೂ ಇಲ್ಲ ಅನ್ನೋದು ಕಣ್ಣಿಗೆ ಬಿದ್ದೇ ಇಲ್ಲ.

ಫೋಟೋ ನೋಡಿ ಮೈಸೂರಿನಿಂದ ಒಬ್ಬ ಭಾಯ್ ಬಂದರು. ಅರವತ್ತು ದಾಟಿದವರು, ಜೊತೆಗೆ ತಮ್ಮ, ಬಾಡಿಗೆ ಟೆಂಪೋ. ನಾನು ಸೊಪ್ಪು ಕೊಯ್ಯೋಕೆ ಹೋಗಿದ್ದೆ. ಕಟ್ಟು ಹೊತ್ತು ಬರುವ ಹೊತ್ತಿಗೆ ವ್ಯಾಪಾರ ಮುಗಿಯುವ ಹಂತಕ್ಕೆ ಬಂದಿತ್ತು. ಎರಡೂ ದೊಡ್ಡ ಟಗರು ಹೊರಗೆ ಹುಣಸೆ ಮರಕ್ಕೆ ಕಟ್ಟಿದ್ದವು. ಭಾಯ್ ಸೊಂಟದ ಮೇಲೆ ಬೆರಳು ಒತ್ತಿ ನೋಡಿ, ವಯಸ್ಸು ತಿಳಿಯೋಕೆ ತುಟಿ ಬಿಡಿಸಿ ಎರಡು ಹಲ್ಲು ನೋಡಿ, ನಡೆಸಿ ನೋಡಿ ಆಗಿತ್ತು. ಅವರದು ಹಳೇ ಪದ್ಧತಿ, ಅಣ್ಣನ ಕೈ ಹಿಡಿದು ಟವೆಲ್ ಮುಚ್ಚಿ ಬೆರಳಲ್ಲಿ ಲೆಕ್ಕ ಆಡಿದ್ದರಂತೆ. ಜೋಡಿಗೆ 62 ಸಾವಿರ. ನೋಟು ಎಣಿಸುತ್ತಿದ್ದರು.

ನಾನು ಕಟ್ಟು ಇಳಿಸಿ ನಗುತ್ತಾ ಹತ್ತಿರ ಹೋದೆ. ಎರಡು ಹೆಜ್ಜೆ ಇರುವಾಗ ನೆನಪಾಯಿತು.

ಕಾಲು ಅಲ್ಲೇ ನಿಂತಿತು. ಇವೆರಡರಲ್ಲಿ ಒಂದಕ್ಕೆ ಸೂಜಿ ಹಾಕಿದೆ. ಇನ್ನೂ 28 ದಿನ ಆಗಿಲ್ಲ, ಸರಿಯಾಗಿ ಮೂರು ವಾರವೂ ಆಗಿಲ್ಲ. ಯಾವುದಕ್ಕೆ? ಬೆನ್ನು ನೋಡಿದೆ. ಎರಡೂ ಬಿಳಿ. ಮುಖ ನೋಡಿದೆ. ಎರಡಕ್ಕೂ ತಿಳಿ ಕಂದು. ಕತ್ತಿನ ಕೆಳಗೆ ನೇತಾಡುವ ಚರ್ಮದ ಗೊಂಡೆ ಎರಡಕ್ಕೂ ಇದೆ. ಒಳಗೆ ಓಡಿ ನೋಟ್‌ಬುಕ್ ತೆಗೆದೆ. ‘ದೊಡ್ಡ ಟಗರಿಗೆ.’ ಎರಡೂ ದೊಡ್ಡದೇ! ಹಿಂದಿನ ವಾರದ ತೂಕ ಒಂದು 42, ಇನ್ನೊಂದು 41. ಯಾವುದು 42 ಅಂತ ಅದರಲ್ಲೂ ಬರೆದಿಲ್ಲ. ಬರೀ ತೂಕಗಳ ಸಾಲು. ಸರಾಸರಿ ತೆಗೆಯೋಕೆ ಅಷ್ಟು ಸಾಕಿತ್ತು.

ಅಣ್ಣನನ್ನು ಮೇವಿನ ತೊಟ್ಟಿ ಹತ್ತಿರ ಕರೆದು ಪಿಸುಗುಟ್ಟಿದೆ. ಅವನು ಭಾಯ್ ಕಡೆ ನೋಡಿ ನಗುತ್ತಲೇ ಹಲ್ಲು ಕಡಿದು ಹೇಳಿದ, ‘ಈಗ ಉಸಾರಾಗೈತಲ್ಲ, ಇನ್ನೇನ್ಲಾ? ಚೆನ್ನಾಗ್ ತಿಂತಾ ಐತೆ. ಊರಲ್ಲಿ ಯಾವನು ದಿನ ಎಣಿಸ್ಕಂಡು ಮಾರ್ತಾನೆ? ಬಾಯ್ ಮುಚ್ಕ ನಿಂತ್ಕೊ.’

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಯಾರೂ ಎಣಿಸೋದಿಲ್ಲ. ನಾನೂ ಹಿಂದಿನ ವರ್ಷಗಳಲ್ಲಿ ಎಣಿಸಿದವನಲ್ಲ. ಇನ್ನೂ ಒಂದು ನಿಜ ಹೇಳಬೇಕು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಮೊದಲು ಬಂದದ್ದು ಭಾಯ್ ಮನೆಯ ಮಕ್ಕಳಲ್ಲ, ಹುಲ್ಲಿನ ಸಾಲ. 62 ಸಾವಿರದಲ್ಲಿ ಅದು ತೀರುತ್ತಿತ್ತು. ಒಂದು ಸೂಜಿ, 40 ಕೆ.ಜಿ. ಮೈ, ಎಷ್ಟು ಉಳಿದಿರುತ್ತದೆ ಮಹಾ ಅಂತ ಲೆಕ್ಕ ಹಾಕುತ್ತಾ ನಿಂತೆ. ಲೆಕ್ಕ ಹಾಕಿದಷ್ಟೂ ನನಗೆ ಬೇಕಾದ ಉತ್ತರವೇ ಬರುತ್ತಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

‘ಭಾಯ್, ಟೀ ಕುಡೀರಿ’ ಅಂದೆ. ಅವರು ಆಗಲೇ ಕುಡಿದಿದ್ದೇನೆ ಅಂದರು. ‘ಇನ್ನೊಂದು ಕುಡೀರಿ’ ಅಂದೆ. ಟೆಂಪೋದವನು ಹಾರ್ನ್ ಹೊಡೆದ. ಅವನಿಗೆ ಇನ್ನೊಂದು ಬಾಡಿಗೆ ಇತ್ತು.

ಡಾಕ್ಟ್ರಿಗೆ ಫೋನ್ ಮಾಡಿದೆ. ಅವರು ಎಲ್ಲೋ ಲಸಿಕೆ ಕ್ಯಾಂಪಿನಲ್ಲಿದ್ದರು, ಹಿಂದೆ ಹಸು ಕೂಗುತ್ತಿತ್ತು. ‘ಎಲ್.ಎ. ಚುಚ್ಚಿದ ಜಾಗದಲ್ಲಿ ಒಮ್ಮೊಮ್ಮೆ ಗಂಟು ಉಳಿಯುತ್ತೆ, ಕತ್ತು ಮುಟ್ಟಿ ನೋಡಿ. ಸಿಗಲಿಲ್ಲ ಅಂದ್ರೆ ಎರಡೂ ಕೊಡಬೇಡಿ’ ಅಂದು ಇಟ್ಟರು. ನಾನು ಟಗರುಗಳ ಮಧ್ಯೆ ಮಂಡಿಯೂರಿ ಕೂತೆ. ಒಂದರ ಕತ್ತು ಸವರಿದೆ, ಇನ್ನೊಂದರದು ಸವರಿದೆ. ಮತ್ತೆ ಮೊದಲನೆಯದು. ಎಡಗಡೆ ಚುಚ್ಚಿದೆನೋ ಬಲಗಡೆಯೋ, ಅದೂ ನೆನಪಿಲ್ಲ. ಏನೋ ಗಟ್ಟಿ ಸಿಕ್ಕಿತು ಅನ್ನಿಸಿತು, ಇನ್ನೊಂದರಲ್ಲೂ ಅದೇ ಸಿಕ್ಕಿತು. ಅದು ಮಾಂಸಖಂಡ. ಭಾಯ್ ಟೀ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅಣ್ಣ, ‘ನಮ್ ತಮ್ಮಂಗೆ ಮರಿ ಮೇಲೆ ಬಲು ಪ್ರೀತಿ, ಭಾಯ್. ಕಳಿಸಕ್ಕೆ ಮನಸು ಬರಲ್ಲ’ ಅಂದ. ಭಾಯ್ ಪಾಪ ನಂಬಿ, ಮೃದುವಾಗಿ ನಕ್ಕರು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ.

ಅಷ್ಟರಲ್ಲಿ ಅವ್ವ ಬಂದಳು, ಕೈಯಲ್ಲಿ ಉಪ್ಪಿನ ಡಬ್ಬಿ. ನಾನು ಕತ್ತು ತಡವುತ್ತಿರೋದು ನೋಡಿ ‘ಏನ್ ಹುಡುಕ್ತಿದ್ದೀಯ?’ ಅಂದಳು. ಹೇಳಿದೆ. ಅವ್ವ ನನ್ನನ್ನು ದಡ್ಡನ ಹಾಗೆ ನೋಡಿ, ಊರಿಗೆಲ್ಲ ಕೇಳಿಸುವ ದನಿಯಲ್ಲಿ, ‘ಚೇರ್ಮನ್‌ಗೆ ಅಲ್ವೇನ್ಲಾ ನೀನು ಸೂಜಿ ಹಾಕಿದ್ದು?’ ಅಂದಳು.

ಯಾವ ಚೇರ್ಮನ್?

ಅವ್ವ ಉಪ್ಪಿನ ಡಬ್ಬಿ ಅಲ್ಲಾಡಿಸಿದಳು. ಎಡಗಡೆ ಟಗರು ತಲೆ ತಗ್ಗಿಸಿ, ಪಕ್ಕದ್ದನ್ನು ಗುದ್ದಿ ಹಿಂದೆ ತಳ್ಳಿ, ಹಗ್ಗ ಬಿಗಿಯುವ ತನಕ ನುಗ್ಗಿತು. ‘ನೋಡು, ತೊಟ್ಟಿ ಹತ್ರ ಯಾವಾಗ್ಲೂ ಮೊದಲು ಇವನೇ. ಬೇರೆಯವರಿಗೆ ಬಿಡಾಕಿಲ್ಲ. ಅದಕ್ಕೇ ಚೇರ್ಮನ್ ಅಂತ ಇಟ್ಟಿವ್ನಿ. ಇನ್ನೊಬ್ಬ ಕಂಡಕ್ಟರ್, ಎಲ್ಲಾರ ಹತ್ರನೂ ಒಂದು ಸುತ್ತು ಹೋಗಿ ಬತ್ತಾನೆ.’ ಆಮೇಲೆ ಸೀರೆ ನಿರಿಗೆ ಸ್ವಲ್ಪ ಎತ್ತಿ ಬಲಗಾಲಿನ ಹೆಬ್ಬೆರಳು ತೋರಿಸಿದಳು. ಉಗುರು ಕಪ್ಪಾಗಿತ್ತು. ‘ಅವತ್ತು ತುಳಿದದ್ದು ಇವನೇ. ತಲೆ ಹಿಡ್ಕೊಂಡಿದ್ದು ನಾನಲ್ವಾ?’

ನಾನು ಅವತ್ತು ನೋಡಿದ್ದು ಕತ್ತು. ಅವ್ವ ನೋಡಿದ್ದು ಮುಖ.

ಶೆಡ್ಡಿನಲ್ಲಿದ್ದ ನಲವತ್ತು ಚಿಲ್ಲರೆ ಮರಿಗೂ ಅವಳು ಹೆಸರಿಟ್ಟಿದ್ದಳು. ನನ್ನ ಮುಂದೆ ಕರೆಯುತ್ತಿರಲಿಲ್ಲ, ಅಷ್ಟೇ. ನನ್ನ ಮಗಳಿಗೆ ಎಲ್ಲ ಗೊತ್ತಿತ್ತು. ಪಕ್ಕದ ರೇಷ್ಮೆ ಮನೆಯವರಿಗೂ ಗೊತ್ತಿತ್ತು.

ಭಾಯ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ. ಸೂಜಿ ಅನ್ನೋದು ಕಿವಿಗೆ ಬಿದ್ದಿತ್ತು. ಇನ್ನು ಮುಚ್ಚಿಡೋಕೆ ಏನೂ ಇರಲಿಲ್ಲ. ನೋಟ್‌ಬುಕ್, ಡಾಕ್ಟ್ರ ಚೀಟಿ ತಂದು ತೋರಿಸಿದೆ. ಅವರು ತಾರೀಖು ನೋಡಿದರು, ಬೆರಳು ಮಡಚಿ ಎಣಿಸಿದರು. ‘ಕುರ್ಬಾನಿ ಆದ ತಕ್ಷಣ ಕಲೇಜಾ, ಅಂದ್ರೆ ಲಿವರ್, ಮಾಡ್ತೀವಿ ನಾವು. ಮೊದಲು ಅದೇ ತಿನ್ನೋದು. ಮಕ್ಕಳೇ ಮೊದಲು’ ಅಂದರು. ಸಿಟ್ಟು ಮಾಡಲಿಲ್ಲ. ಚೇರ್ಮನ್ನನ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಅವ್ವನ ಕಡೆ ತಿರುಗಿ, ‘ಅಮ್ಮಾ, ಇನ್ನೊಂದಕ್ಕೆ ಏನೂ ಇಲ್ಲ, ಪಕ್ಕಾನಾ?’ ಅಂತ ಕೇಳಿದರು. ನನ್ನನ್ನು ಕೇಳಲಿಲ್ಲ. ಅವ್ವ ಹೂಂ ಅಂದಳು. ಅದನ್ನು ತೆಗೆದುಕೊಂಡರು, ಆದರೆ 29 ಸಾವಿರಕ್ಕೆ. ‘ಇದೂ ಅದೇ ಶೆಡ್ಡಿನದಲ್ವಾ’ ಅಂತ 2 ಸಾವಿರ ಮುರಿದುಕೊಂಡೇ ಹೋದರು. ವ್ಯಾಪಾರ ಅಂದರೆ ವ್ಯಾಪಾರ.

ನಿಜ ಹೇಳಿದ್ದಕ್ಕೆ ಗಿರಾಕಿ ಖಾಯಂ ಆದರು ಅಂತ ಬರೆಯೋಕೆ ನನಗೂ ಆಸೆ. ಮುಂದಿನ ವರ್ಷ ಅವರು ಬರಲಿಲ್ಲ. ಫೋನ್ ಮಾಡಿದರೆ, ಇಲ್ಲೇ ಹತ್ತಿರದಲ್ಲಿ ಆಯಿತು ಅಂದರು.

ಹಬ್ಬ ಮುಗಿದ ಮೇಲೆ ಟಗರಿನ ರೇಟು ಏನಾಗುತ್ತದೆ ಅಂತ ಕುರಿಯವರಿಗೆ ಹೇಳಬೇಕಾಗಿಲ್ಲ. 28 ದಿನ ದಾಟಿಸಿ, ಇನ್ನಷ್ಟು ದಿನ ಕಾದು, ಚೇರ್ಮನ್ನನನ್ನು ಬಾಡಿನ ಅಂಗಡಿಗೆ ಕೊಟ್ಟಿದ್ದು 17 ಸಾವಿರಕ್ಕೆ. ನಡುವೆ ತಿಂದ ಮೇವು ಬೇರೆ. ಅಣ್ಣ ಈ ವ್ಯತ್ಯಾಸವನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದ. ಅದು ಇನ್ನೂ ಇದೆ. ಶಾಂಪೂ ವಿಷಯ ಎತ್ತಿದರೆ ಮಾತ್ರ ಅವನಿಗೆ ತುರ್ತಾಗಿ ಫೋನ್ ಬರುತ್ತದೆ.

ನನ್ನದೊಂದು ಗೊಣಗಾಟ ಇದೆ. ಕುರಿ ಸತ್ತರೆ ಅನುಗ್ರಹ ಯೋಜನೆಯಲ್ಲಿ ಪರಿಹಾರ ಇದೆ, ಆಗ 6 ತಿಂಗಳು ದಾಟಿದ ಕುರಿಗೆ 5,000 ರೂಪಾಯಿ ಇತ್ತು. ಒಳ್ಳೆಯದೇ. ಆದರೆ ಮದ್ದು ಕೊಟ್ಟ ಪ್ರಾಣಿಯನ್ನು ಹಬ್ಬ ದಾಟಿಸಿ ಕಾದಿಟ್ಟವನ ನಷ್ಟ ಯಾರ ಲೆಕ್ಕಕ್ಕೂ ಬರೋದಿಲ್ಲ. ಕಾದಿಟ್ಟ ಮಾಂಸಕ್ಕೆ ಹೆಚ್ಚು ರೇಟು ಕೊಡುವ ಗಿರಾಕಿಯೂ ಇಲ್ಲ. ಕೊಳ್ಳುವವರು ಹಲ್ಲು ನೋಡುತ್ತಾರೆ, ತೂಕ ನೋಡುತ್ತಾರೆ. ‘ಕೊನೇ ಸೂಜಿ ಯಾವಾಗ?’ ಅಂತ ನನ್ನನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಹಾಲಿನ ಕಥೆಯೂ ಅಷ್ಟೇ. ನಮ್ಮ ಎರಡು ಹಸುವಿನ ಹಾಲು ಡೇರಿಗೆ ಹೋದರೆ ಅಲ್ಲಿ ನೋಡೋದು ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಕೆಚ್ಚಲು ಬಾವು ಬಂದು ಮದ್ದಿನ ಟ್ಯೂಬ್ ಹಾಕಿದ ಹಸುವಿನ ಹಾಲನ್ನು ತಿಪ್ಪೆಗೆ ಸುರಿಯೋದೋ ಕ್ಯಾನಿಗೆ ಸುರಿಯೋದೋ ಅನ್ನೋದು ಕರೆಯುವವನ ಮನಸ್ಸಿಗೆ ಬಿಟ್ಟದ್ದು. ಬೆಳಗಿನ ಜಾವ, ಕತ್ತಲು, ಯಾರೂ ನೋಡುತ್ತಿರೋದಿಲ್ಲ.

ಬೆಂಗಳೂರಿನ ನಮ್ಮ ನೆಂಟರೊಬ್ಬರು ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ‘ಕೈಯಾರೆ ಸಾಕಿ ಕೊಯ್ಯೋಕೆ ಹೇಗಪ್ಪಾ ಕೊಡ್ತೀಯ?’ ಕೇಳುವಾಗ ಅವರ ತಟ್ಟೆಯಲ್ಲಿ ನಮ್ಮದೇ ಬಾಡಿನ ಸಾರು ಇರುತ್ತದೆ. ಇನ್ನು ಕೆಲವರು ಬಾಡು ಮುಟ್ಟೋದಿಲ್ಲ, ಕಾಫಿಗೆ ಗಟ್ಟಿ ಹಾಲು ಬೇಕು. ಹಾಲು ಬೇಕಾದರೆ ಹಸು ಕರು ಹಾಕಬೇಕು, ಹಾಕಿದ್ದರಲ್ಲಿ ಅರ್ಧ ಗಂಡು. ಉಳುಮೆಗೆ ಈಗ ಟ್ರ್ಯಾಕ್ಟರು ಇದೆ, ಎಚ್‌ಎಫ್ ಅನ್ನುವ ಸೀಮೆ ತಳಿಯ ಗಂಡು ಕರುವನ್ನು ಯಾರೂ ನೊಗಕ್ಕೆ ಕಟ್ಟೋದಿಲ್ಲ. 1964ರ ಕಾನೂನಿನಲ್ಲಿ ವಯಸ್ಸಾದ ಎತ್ತಿಗೆ ಸರ್ಟಿಫಿಕೇಟ್ ಪಡೆದು ಕಸಾಯಿಖಾನೆ ದಾರಿ ಇತ್ತು. 2021ರ ಜನವರಿಯಿಂದ ಹಸು, ಎತ್ತು, ಕರು ಯಾವುದಕ್ಕೂ ಇಲ್ಲ, 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ತಪ್ಪಿದರೆ 3ರಿಂದ 7 ವರ್ಷ ಜೈಲು. ಕಾನೂನು ಸರಿಯೋ ತಪ್ಪೋ ಅಂತ ವಾದ ಮಾಡೋಕೆ ನಾನು ಇಲ್ಲಿ ಕೂತಿಲ್ಲ. ಗಂಡು ಕರುವಿಗೆ ಮೇವು ಹಾಕುವವರು ಯಾರು ಅಂತ ಮಾತ್ರ ಕಾಫಿ ಕುಡಿಯುವವರೂ ಒಂದು ಸಲ ಕೇಳಿಕೊಳ್ಳಲಿ. ನಾನು ಒಂದನ್ನು ಸಾಕುತ್ತಿದ್ದೇನೆ. ಅದು ನನ್ನ ದೊಡ್ಡತನ ಅಲ್ಲ, ಗೊಬ್ಬರ ಬೇಕು.

ನೆಂಟರ ಪ್ರಶ್ನೆಗೆ ನಾನು ಮೊದಲೆಲ್ಲ ಹೇಳುತ್ತಿದ್ದ ಉತ್ತರ, ‘ಹೆಸರಿಡೋದಿಲ್ಲ, ಅದಕ್ಕೇ ಕೊಡೋಕೆ ಆಗುತ್ತೆ.’ ಕೇಳಿದವರು ಗಂಭೀರವಾಗಿ ತಲೆದೂಗುತ್ತಿದ್ದರು. ನನಗೂ ಅದು ಒಳ್ಳೆ ಉತ್ತರ ಅನ್ನಿಸುತ್ತಿತ್ತು. ಈಗ ಹಾಗನ್ನೋಕೆ ಬಾಯಿ ಬರೋದಿಲ್ಲ. ಹೆಸರಿಡದೇ ಇದ್ದದ್ದು ಮರಿಯ ಒಳ್ಳೆಯದಕ್ಕಲ್ಲ, ತಿನ್ನುವವರ ಒಳ್ಳೆಯದಕ್ಕೂ ಅಲ್ಲ, ನನ್ನ ನಿದ್ದೆಗೆ. ನಾನು ನೋಡುತ್ತಿದ್ದದ್ದು ಬ್ಯಾಚು. ಬ್ಯಾಚಿಗೆ ಕೆಮ್ಮು ಬರೋದಿಲ್ಲ, ಒಂದು ಮರಿಗೆ ಬರುತ್ತದೆ. ಬ್ಯಾಚನ್ನು ಯಾರೂ ತಿನ್ನೋದಿಲ್ಲ. ಬಕ್ರೀದಿಗೆ ಒಂದು ಮರಿ, ಮೂರು ಪಾಲು, ಒಂದು ಮನೆಗೆ, ಒಂದು ನೆಂಟರಿಗೆ, ಒಂದು ಇಲ್ಲದವರಿಗೆ. ನಮ್ಮ ಕಡೆ ಹೊಸತೊಡಕಿಗೆ ಗುಡ್ಡೆ ಬಾಡು ಹಾಕಿದರೂ ಅಷ್ಟೇ, ಒಂದು ಟಗರು ಹತ್ತು ಮನೆಯ ಪಾತ್ರೆಗೆ ಹೋಗುತ್ತದೆ. ಅದರಲ್ಲಿ ಲಿವರ್ ಯಾರಿಗೆ ಎತ್ತಿಡುತ್ತಾರೆ ಹೇಳಿ? ಬಾಣಂತಿಗೆ, ಮಕ್ಕಳಿಗೆ.

ಈಗ ನೋಟ್‌ಬುಕ್ ಬದಲಾಗಿದೆ. ಒಂದು ಮರಿಗೆ ಒಂದು ಪುಟ. ಮೇಲೆ ಅವ್ವ ಇಟ್ಟ ಹೆಸರು, ಪಕ್ಕದಲ್ಲಿ ಮಗಳು ತೆಗೆದ ಮುಖದ ಫೋಟೋ. ತೂಕ, ಲಸಿಕೆ, ಜಂತಿನ ಮದ್ದು, ಸೂಜಿ, ಎಡವೋ ಬಲವೋ, ಯಾವ ತಾರೀಖಿನ ತನಕ ಮಾರಬಾರದು, ಎಲ್ಲ ಅದರಲ್ಲೇ. ಮದ್ದು ಕೊಟ್ಟ ಮರಿಯನ್ನು ಬೇರೆ ಅಂಕಣಕ್ಕೆ ಹಾಕಿ, ಬಾಗಿಲಿಗೆ ಬೀಗ. ಬೀಗದ ಕೈ ಅವ್ವನ ಸೊಂಟದಲ್ಲಿ. ಹಬ್ಬಕ್ಕೆ 40 ದಿನ ಇರುವಾಗಲೇ ಮರಿಗಳ ಎದೆ, ಮೂಗು ಡಾಕ್ಟ್ರಿಗೆ ತೋರಿಸಿಬಿಡುತ್ತೇವೆ. ಏನಾದರೂ ಇದ್ದರೆ ಆಗಲೇ ಸೂಜಿ ಮುಗಿಯಲಿ, ದಿನ ದಾಟಲಿ ಅಂತ. ಬಣ್ಣವನ್ನು ನಂಬೋದು ಬಿಟ್ಟೆ. ಶಾಂಪೂ ಇನ್ನೂ ಅಣ್ಣನ ಕೈಯಲ್ಲೇ ಇದೆ, ಅದನ್ನು ಬಿಡಿಸೋಕೆ ಆಗಿಲ್ಲ.

ಇದರಿಂದ ಕೆಲಸ ಸುಲಭ ಆಯಿತಾ ಅಂದರೆ, ಇಲ್ಲ. ಮಾರುವ ದಿನ ಮೊದಲಿಗಿಂತ ಕಷ್ಟ. ಟೆಂಪೋ ಬಂದ ಬೆಳಗ್ಗೆ ಅವ್ವ ಒಂದೊಂದರ ಹೆಸರು ಹಿಡಿದು ಉಪ್ಪು ನೆಕ್ಕಿಸುತ್ತಾಳೆ, ಅಣ್ಣ ಗಡಿಯಾರ ನೋಡುತ್ತಾನೆ. ಮಗಳು ಈಗ ಊಟ ಬಿಡೋದಿಲ್ಲ, ಆದರೆ ಅವತ್ತು ಬಾಡಿನ ಸಾರು ಮಾಡಿದರೆ ಮುಟ್ಟೋದಿಲ್ಲ. ಆ ದಿನ ನಮ್ಮ ಮನೆಯಲ್ಲಿ ಸೊಪ್ಪಿನ ಸಾರೇ.

ಹೋದ ಬ್ಯಾಚಿನಲ್ಲಿ ‘ಮೇಷ್ಟ್ರು’ ಅನ್ನುವ ಮರಿಯನ್ನು ಅವ್ವ ಕೊಡೋದೇ ಇಲ್ಲ ಅಂತ ಹಟ ಹಿಡಿದಳು. ಮೂಲೆಯಲ್ಲಿ ನಿಂತು ಎಲ್ಲರನ್ನೂ ನೋಡುತ್ತಿರುತ್ತದಂತೆ, ತಂಟೆ ಮಾಡೋದಿಲ್ಲವಂತೆ. ಅದು ಈಗಲೂ ಶೆಡ್ಡಿನಲ್ಲಿದೆ, 50 ಕೆ.ಜಿ. ಹತ್ತಿರ ಬಂದಿದೆ, ಹಿಂಡಿ ಬೂಸಾ ಎಲ್ಲ ಮೊದಲು ಅದಕ್ಕೇ. ಅದರ ಮೇವಿನ ಖರ್ಚನ್ನು ಅಣ್ಣ ಪ್ರತಿ ತಿಂಗಳೂ ಅವ್ವನ ವೃದ್ಧಾಪ್ಯ ವೇತನದ ಎದುರು ಬರೆಯುತ್ತಿದ್ದಾನೆ. ಅವ್ವ ಇನ್ನೂ ಒಂದು ಪೈಸೆ ಕೊಟ್ಟಿಲ್ಲ.